ಹೊರನಾಡಿನ ಬೀಗರ ಹುಲಿಗಳು

ನನ್ನ ಮೊಮ್ಮಗಳು ಮೊದಲ ಸಲ ನನ್ನ ಮೂರು ಹುಲಿಗಳನ್ನೂ ಕಟ್ಟಿಹಾಕಿದ ದಿನ ನಾನು ರಾತ್ರಿ ಊಟ ಮಾಡಲಿಲ್ಲ. ಹೊಟ್ಟೆ ಸಂತೋಷದಲ್ಲೇ ತುಂಬಿಹೋಗಿತ್ತು. ಎರಡನೇ ಕ್ಲಾಸಿನ ಹುಡುಗಿ. ಮುಂದಿನ ಹಲ್ಲು ಬಿದ್ದು ಬಾಯಲ್ಲಿ ಕಿಟಕಿ ಇದೆ. ಆ ಕಿಟಕಿಯಿಂದ ಗಾಳಿ ಬಿಡುತ್ತಾ "ಅಜ್ಜ, ನಿಮ್ಮ ಹುಲಿಗೆ ದಾರಿ ಇಲ್ಲ" ಅಂದಳು. ಆ ಮಾತನ್ನು ನಾನು ಹಾಲು ಹಾಕುವವನಿಗೆ ಹೇಳಿದೆ, ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಹೇಳಿದೆ, ಜೀಪ್ ಡ್ರೈವರಿಗೆ ಹೇಳಿದೆ. ನಮ್ಮೂರು ಮಲ್ಲಂದೂರಿನಲ್ಲಿ ಕೇಳದವರು ಯಾರೂ ಉಳಿದಿಲ್ಲ ಅಂತ ಕಾಣುತ್ತದೆ. ಕೇಳಿದವರಿಗೇ ಇನ್ನೊಂದು ಸಲ ಹೇಳಿದ್ದೂ ಇದೆ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಹುಲಿ-ಕುರಿ ಆಟ ಅಂತ. ನೆಲದ ಮೇಲೆ ತ್ರಿಕೋನದ ಹಾಗೆ ಮನೆ ಬರೆದು, ಗೆರೆಗೆ ಗೆರೆ ಸೇರುವ ಕಡೆ ಕಾಯಿ ಇಡೋದು. ಒಬ್ಬರ ಹತ್ತಿರ ಮೂರು ಹುಲಿ, ಇನ್ನೊಬ್ಬರ ಹತ್ತಿರ ಹದಿನೈದು ಕುರಿ. ಹುಲಿ ಕುರಿಯ ಮೇಲೆ ಹಾರಿದರೆ ಆ ಕುರಿ ಹೋಯಿತು. ಕುರಿಗಳೆಲ್ಲ ಸೇರಿ ಹುಲಿಗೆ ಅಲ್ಲಾಡಲು ಜಾಗ ಇಲ್ಲದ ಹಾಗೆ ಮಾಡಿದರೆ ಹುಲಿ ಸೋತಿತು. ಅಷ್ಟೇ. ನೋಡಲು ಅಷ್ಟೇ.

ನಾನು ಈ ಆಟ ಆಡುತ್ತಾ ಬಂದದ್ದು ಎಸ್ಟೇಟಿನ ಕಣದಲ್ಲಿ, ಅಂದರೆ ಕಾಫಿ ಒಣಹಾಕುವ ಸಿಮೆಂಟಿನ ಅಂಗಳದಲ್ಲಿ. ನನ್ನ ದುಡಿಮೆಯೆಲ್ಲ ಅಲ್ಲೇ. ಈಗ ವಯಸ್ಸಾಯಿತು ಅಂತ ಸಾಹುಕಾರರು ಕಣ ಕಾಯುವುದಕ್ಕೆ ಮಾತ್ರ ಇಟ್ಟುಕೊಂಡಿದ್ದಾರೆ. ಸಾಯಂಕಾಲ ಆಳುಗಳು ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಿ ಹೋದ ಮೇಲೆ ಮೂಲೆಯಲ್ಲಿ ಗೋಣಿಚೀಲ ಹಾಸಿ ಕೂರುತ್ತೇನೆ. ಇದ್ದಿಲಲ್ಲಿ ಮನೆ ಬರೆದಿರುತ್ತೇನೆ. ಒಣಗಿದ ಕಾಫಿ ಹಣ್ಣು, ಅಂದರೆ ಚೆರ್ರಿ, ಕುರಿಗಳಾದರೆ ಮೂರು ಬೆಣಚುಕಲ್ಲು ಹುಲಿಗಳು. ನಮ್ಮ ಕಣದ ಆಟಕ್ಕೆ ಒಂದು ಕಟ್ಟಲೆ ಇದೆ. ಬೆರಳು ಎತ್ತುವ ತನಕ ಅದು ನಡೆ ಅಲ್ಲ. ಕಾಯಿಯನ್ನು ಸರಿಸಿ, ಅದರ ಮೇಲೆ ಬೆರಳಿಟ್ಟುಕೊಂಡೇ ಸುತ್ತ ನೋಡಬಹುದು, ಯೋಚನೆ ಮಾಡಬಹುದು, ಬೇಡ ಅನ್ನಿಸಿದರೆ ವಾಪಸ್ ತರಬಹುದು. ಎದುರಿನವರು ಬೀಡಿ ಹಚ್ಚಿಕೊಂಡು ಕಾಯುತ್ತಾರೆ. ಮೊಮ್ಮಗಳಿಗೂ ಹಾಗೇ ಕಲಿಸಿದ್ದೇನೆ. ಅವಳು ಪುಟಾಣಿ ಬೆರಳನ್ನು ಚೆರ್ರಿ ಮೇಲಿಟ್ಟು ತುಟಿ ಕಚ್ಚಿಕೊಂಡು ಯೋಚನೆ ಮಾಡುವುದನ್ನು ನೋಡುತ್ತಾ ಕೂತರೆ ನನಗೆ ಹುಲಿಯ ಚಿಂತೆಯೇ ಇರುವುದಿಲ್ಲ.

ಹೀಗಿರುವಾಗ ನಡುವೆ ಬೀಗರು ಬಂದರು.

ಬೀಗರು ಅಂದರೆ ನನ್ನ ಸೊಸೆಯ ತಂದೆ. ದೇವಸ್ಥಾನದ ಊರಾದ ಹೊರನಾಡಿನಲ್ಲಿ ಯಾತ್ರಿಕರು ಇಳಿದುಕೊಳ್ಳುವ ಒಂದು ಲಾಡ್ಜಿನ ಕೌಂಟರಿನಲ್ಲಿ ಕೂರುತ್ತಾರೆ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸು ಬರುತ್ತದೋ ಇಲ್ಲವೋ. ಮಗನ ಮದುವೆಯ ಬೀಗರೂಟದ ದಿನ ಅವರೂ ನಾನೂ ಒಂದು ಆಟ ಕೂತಿದ್ದೆವು. ಅವರ ಹುಲಿ ಎಂಥ ಹುಲಿ ಅಂತ ನನಗೆ ಗೊತ್ತು. ಬಾಯಲ್ಲಿ ಹಾಕಿಕೊಂಡ ಎಲೆಅಡಿಕೆ ಕೆಂಪಾಗುವುದರೊಳಗೆ ಕಟ್ಟಿಹಾಕಿದ್ದೆ. ಇಂಥವರು ಈ ಸಲದ ಕಾಫಿ ಕುಯ್ಲಿನ ಹೊತ್ತಿಗೆ ಸೊಸೆಯ ಫೋನಿಗೆ ಒಂದು ಆಟದ ಆ್ಯಪ್ ಹಾಕಿಸಿದರು. ಅದರಲ್ಲಿ ಹುಲಿ-ಕುರಿ, ಚೌಕಾಬಾರ, ಪಗಡೆ, ಹಾವು-ಏಣಿ, ಮಣೆ ಮೇಲೆ ಆಡುವ ಆಟಗಳೆಲ್ಲ ಇವೆ. ಒಬ್ಬರು ಇಲ್ಲಿ ಕೂತು, ಇನ್ನೊಬ್ಬರು ಎಲ್ಲೋ ಕೂತು ಆಡಬಹುದು. ಆಡುತ್ತಾ ಮಾತನಾಡಲೂಬಹುದು.

ನಮ್ಮ ಲೈನ್ ಮನೆಯಲ್ಲಿ, ಅಂದರೆ ಎಸ್ಟೇಟಿನವರು ಕೊಟ್ಟ ಸಾಲುಮನೆಯಲ್ಲಿ, ನೆಟ್‌ವರ್ಕ್ ಸಿಗುವುದಿಲ್ಲ. ಸಿಗುವುದು ಕಣದ ಮೂಲೆಯಲ್ಲಿ, ನಾನು ಮನೆ ಬರೆದಿರುವ ಅದೇ ಮೂಲೆಯಲ್ಲಿ. ಹಾಗಾಗಿ ಮೊಮ್ಮಗಳು ಸಾಯಂಕಾಲ ಬರುವುದು ಬಂದಳು, ನನ್ನ ಗೋಣಿಚೀಲದ ಮೇಲೇ ಕೂತಳು, ಆಡುವುದು ಮಾತ್ರ ಹೊರನಾಡಿನ ಜೊತೆ.

"ಅಜ್ಜ, ಸ್ವಲ್ಪ ಆ ಕಡೆ ಸರೀರಿ. ಸಿಗ್ನಲ್‌ಗೆ ಅಡ್ಡ ಆಗ್ತಿದೀರಿ."

ನನ್ನ ಕಣ, ನನ್ನ ಗೋಣಿ, ಅಡ್ಡ ನಾನು. ಸರಿದು ಕೂತೆ. ಒಂದು ಮೊಳ ಆಚೆ ಒಣ ಚೆರ್ರಿಗಳು ಸಾಲಾಗಿ ಹುಲಿಗೆ ಕಾಯುತ್ತಾ ಕೂತಿದ್ದವು. ಫೋನಿನೊಳಗಿಂದ ಬೀಗರ ದನಿ, "ಬಂದೆ ನೋಡು ಪುಟ್ಟಿ, ಈಗ ನಿನ್ನ ಕುರಿ ಕಥೆ ಮುಗೀತು." ಇವಳು ಕಿಲಕಿಲ ನಗುತ್ತಾಳೆ. ನಾನೂ ಅದೇ ಮಾತು ಹೇಳುತ್ತಿದ್ದೆ. ಅದಕ್ಕೆ ಇಷ್ಟು ನಕ್ಕದ್ದು ನನಗೆ ನೆನಪಿಲ್ಲ.

"ಹೊರನಾಡಜ್ಜನ ಹುಲಿ ಸೂಪರ್ ಅಜ್ಜ. ಕಟ್ಟೋಕೇ ಆಗಲ್ಲ."

"ಯಾರ ಹುಲಿ?"

"ಹೊರನಾಡಜ್ಜಂದು. ನಿಮ್ಮದು ಆದ್ರೆ ಕಟ್ಟಬಹುದು."

ಆ ದಿನವೂ ನಾನು ಊಟ ಮಾಡಲಿಲ್ಲ.

ಒಂದು ಸಾಯಂಕಾಲ ಯಾರೋ ಗುರುತಿಲ್ಲದವರು ಆಟಕ್ಕೆ ಕರೆದರಂತೆ. ಹೆಸರು ಇಂಗ್ಲಿಷಿನಲ್ಲಿ, ಮುಖದ ಜಾಗದಲ್ಲಿ ಕಪ್ಪು ಕನ್ನಡಕ ಹಾಕಿದ ಬೆಕ್ಕಿನ ಚಿತ್ರ. ಸೊಸೆ ಅದನ್ನು ನೋಡಿ ಗಾಬರಿಯಾಗಿ ನನ್ನ ಹತ್ತಿರ ಬಂದಳು.

"ಮಾವ, ಅಪ್ಪ ಹಾಕಿಸಿದ್ದು ಅಂತ ತೆಗೆಯೋಕೆ ಹಿಂದೆ ಮುಂದೆ ನೋಡ್ತಿದೀನಿ. ನಾನು ಹೊಲಿಗೆ ಮಷಿನ್ ಬಿಟ್ಟು ಬಂದು ಕಣದಲ್ಲಿ ಕೂರೋಕಾಗಲ್ಲ. ನೀವು ಪಕ್ಕದಲ್ಲೇ ಇರ್ತೀರಲ್ಲ, ಒಂದು ವಾರ ನೋಡಿ. ಮಕ್ಕಳಿಗೆ ಆಗೋ ಅಂಥದ್ದಾ ಅಲ್ವಾ ಅಂತ ನೀವೇ ಹೇಳಿ. ಬೇಡ ಅಂದ್ರೆ ಅವತ್ತೇ ತೆಗೆದುಬಿಡ್ತೀನಿ."

"ನಂಗೇನ್ ಗೊತ್ತಾಗುತ್ತಮ್ಮ ಅದ್ರಲ್ಲಿ? ನಾನು ಓದಿದ್ದೇ ಮೂರನೇ ಕ್ಲಾಸು."

"ಆಟ ಗೊತ್ತಲ್ಲ ಮಾವ. ಮಗು ಗೊತ್ತಲ್ಲ."

ಒಂದು ವಾರ ಯಾಕೆ, ತೀರ್ಪು ನನ್ನ ನಾಲಿಗೆ ತುದಿಯಲ್ಲೇ ಇತ್ತು. ತೆಗಿ ಅಂದರೆ ಮುಗಿಯಿತು. ಆ ಮೂಲೆ ಮತ್ತೆ ನನ್ನದು, ಮೊಮ್ಮಗಳು ನನ್ನವಳು, ಹೊರನಾಡಿನ ಹುಲಿ ಹೊರನಾಡಿನಲ್ಲೇ ಇರಲಿ. ಒಲೆ ಮುಂದೆ ಕೂತಿದ್ದ ನನ್ನ ಹೆಂಡತಿ ಮುಖ ನೋಡಿಯೇ ಕಂಡುಹಿಡಿದಳು.

"ನ್ಯಾಯ ಹೇಳೋಕೆ ಹೊರಟ ಮುಖ ನೋಡು. ಆ ಹೊಟ್ಟೆಕಿಚ್ಚಲ್ಲಿ ಒಂದು ಪಾತ್ರೆ ಅನ್ನ ಬೇಯಿಸಬಹುದು."

"ನಂಗ್ಯಾಕೆ ಹೊಟ್ಟೆಕಿಚ್ಚು ಮಾರಾಯ್ತಿ."

"ಇಲ್ದಿದ್ರೆ ಸರಿ. ನೋಡಿ ಹೇಳಿ. ನೀವು ಬೇಡ ಅಂದ್ರೆ ಬೇಡವೇ ಅಂತ ನಂಬುತ್ತೆ ಆ ಕೂಸು. ತಪ್ಪು ಹೇಳಿದ್ರೂ ನಂಬುತ್ತೆ."

ಈ ಒಂದು ಮಾತು ಹೇಳದೆ ಇದ್ದಿದ್ದರೆ ನನ್ನ ಕೆಲಸ ಎಷ್ಟು ಸುಲಭ ಇತ್ತು.

ಸರಿ, ನೋಡಲು ಕೂತೆ. ತಪ್ಪು ಹುಡುಕುವ ಕೆಲಸದಲ್ಲಿ ಎಷ್ಟು ಸುಖ ಇದೆ ಅಂತ ಆಗ ಗೊತ್ತಾಯಿತು. ಆಟ ಒಳ್ಳೆಯ ಘಟ್ಟಕ್ಕೆ ಬಂದಿರುತ್ತದೆ, ಇದ್ದಕ್ಕಿದ್ದ ಹಾಗೆ ಒಬ್ಬಳು ಬಂದು ಮುಖಕ್ಕೆ ಕ್ರೀಮ್ ಹಚ್ಚಿಕೊಳ್ಳಲು ಶುರುಮಾಡುತ್ತಾಳೆ. ಅವಳು ಬೆಳ್ಳಗಾಗುವ ತನಕ ಹುಲಿಯೂ ಕಾಯಬೇಕು, ಕುರಿಯೂ ಕಾಯಬೇಕು. ಇದೊಂದು ತಪ್ಪು ಅಂತ ಮನಸ್ಸಿನಲ್ಲಿ ಇಟ್ಟುಕೊಂಡೆ. ಸೋಲುವ ಹಾಗೆ ಕಂಡರೆ ಮೂಲೆಯ ಗುರುತು ಒತ್ತಿ ಎದ್ದುಹೋಗಬಹುದು. ಕಣದಲ್ಲಿ ಸೋತರೂ ಕೂತು ಕುರಿಗಳನ್ನು ಹೆಕ್ಕಿ ಸಾಲಾಗಿ ಇಡಬೇಕು, ಅಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ಇಲ್ಲಿ ಅದಿಲ್ಲ. ಇದೂ ತಪ್ಪು.

ಆದರೆ ನೋಡಿ, ಕಣ್ಣು ಇರುವವನಿಗೆ ಬೇರೆಯದೂ ಕಾಣುತ್ತದಲ್ಲ. ಫೋನಿನ ಮುಂದೆಯೂ ಅವಳು ಅದೇ ರೀತಿ ತುಟಿ ಕಚ್ಚಿಕೊಂಡು ಯೋಚನೆ ಮಾಡುತ್ತಿದ್ದಳು. ಅದೇ ನಮ್ಮ ಮೂಲೆಯಿಂದ ಕುರಿ ತರುವ ಉಪಾಯ, ನಾನು ಕಲಿಸಿದ್ದು. ಒಂದು ಕುರಿ ಹೋದರೆ ಅಳುತ್ತಿದ್ದವಳು ಈಗ "ಹೋಗ್ಲಿ ಬಿಡಿ ಹೊರನಾಡಜ್ಜ, ನಿಮ್ಮ ಎಡಗಡೆ ಹುಲಿ ನೋಡ್ಕೊಳಿ" ಅನ್ನುತ್ತಾಳೆ. ಬೀಗರು ಅಲ್ಲಿಂದ "ಪುಟ್ಟಿ, ಹಾಲು ಕುಡಿದ್ಯಾ? ಕುಡಿದು ಬಾ, ಹುಲಿ ಎಲ್ಲೂ ಹೋಗಲ್ಲ" ಅಂದರೆ ಎದ್ದುಹೋಗಿ ಕುಡಿದು ಬರುತ್ತಾಳೆ. ಅದೇ ಹಾಲಿನ ಲೋಟ ಹಿಡಿದುಕೊಂಡು ನಾನು ಕಣವೆಲ್ಲ ಸುತ್ತಿದ್ದೇನೆ. ಇದು ಆ್ಯಪಿನ ತಪ್ಪು ಅಂತ ಹೇಳಲು ನನಗೆ ಬಹಳ ಇಷ್ಟ ಇತ್ತು. ಹೇಗೆ ಹೇಳುವುದು?

ಆ ಕನ್ನಡಕದ ಬೆಕ್ಕು ಮತ್ತೆ ಬಂತು. ನಾನು ಪಕ್ಕದಲ್ಲೇ ಇದ್ದೆ. ಇವಳ ಬೆರಳು ಆಗಲೇ ಅದರ ಕಡೆ ಹೊರಟಿತ್ತು.

"ಯಾರದು?"

"ಗೊತ್ತಿಲ್ಲ ಅಜ್ಜ. ಆಡೋಕೆ ಬಂದಿದಾರೆ."

"ಗೊತ್ತಿಲ್ದೋರು ಕಣಕ್ಕೆ ಬಂದ್ರೆ ನಾನು ಏನ್ ಕೇಳ್ತೀನಿ?"

"ನೀವು ಯಾರ ಕಡೆಯೋರು ಅಂತ."

"ಮತ್ತೆ?"

ಅವಳು ಒಂದೊಂದೇ ಅಕ್ಷರ ಹುಡುಕಿ ಬರೆದಳು, ನೀವು ಯಾರ ಕಡೆಯೋರು. ಆ ಕಡೆಯಿಂದ ಒಂದು ನಗುವ ಮುಖ ಬಂತು. ಮೊಮ್ಮಗಳು ಅದನ್ನೇ ಮತ್ತೆ ಬರೆದಳು. ಕಣ ಕಾಯುವವನ ಮೊಮ್ಮಗಳು, ಉತ್ತರ ಬರದೆ ಒಳಗೆ ಬಿಡುತ್ತಾಳಾ? ಬೆಕ್ಕು ಹೊರಟುಹೋಯಿತು. "ಯಾರ ಕಡೆಯೋರೂ ಅಲ್ಲ ಅಜ್ಜ" ಅಂತ ಅವಳು ಫೋನನ್ನು ಲಂಗಕ್ಕೆ ಒರೆಸಿದಳು. ನನಗೆ ಎದೆ ಉಬ್ಬಿ ಬಂತು. ಮಾರನೇ ದಿನ ಹಾಲು ಹಾಕುವವನು ನನ್ನನ್ನು ದೂರದಿಂದ ನೋಡಿಯೇ ಬೇರೆ ದಾರಿ ಹಿಡಿದ.

ಅಷ್ಟಾದ ಮೇಲೆ ನಾನು ಒಂದು ಹುಚ್ಚು ಕೆಲಸ ಮಾಡಿದೆ. ನಾನೂ ಬೀಗರ ಜೊತೆ ಒಂದು ಆಟ ಆಡುತ್ತೇನೆ ಅಂದೆ. ಪರೀಕ್ಷೆ ಮಾಡಬೇಕಾದವನು ಆಡಿಯೇ ನೋಡಬೇಕಲ್ಲ ಅಂತ ಬಾಯಲ್ಲಿ ಹೇಳಿದೆ. ಮನಸ್ಸಿನಲ್ಲಿ ಇದ್ದದ್ದು, ಅವಳ ಕಣ್ಣೆದುರೇ ಆ ಸೂಪರ್ ಹುಲಿಗಳನ್ನು ಕಟ್ಟಿಹಾಕುವುದು.

ನನ್ನದು ಕುರಿ. ಮೊದಲು ನನ್ನ ಬೆರಳು ಫೋನಿಗೆ ಹಿಡಿಸಲೇ ಇಲ್ಲ. ಕಾಫಿ ಎಳೆದೂ ಎಳೆದೂ ಚರ್ಮ ದಪ್ಪ ಆಗಿದೆ, ಒತ್ತಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಮೊಮ್ಮಗಳು ನನ್ನ ಬೆರಳಿಗೆ ಸ್ವಲ್ಪ ನೀರು ಹಚ್ಚಿ ಒರೆಸಿದಳು, ಆಮೇಲೆ ಕೇಳಿತು. ಆಟ ಚೆನ್ನಾಗಿಯೇ ಹೋಗುತ್ತಿತ್ತು. ಒಂದು ಕಡೆ ಕುರಿಯನ್ನು ಸರಿಸಿ, ಬೆರಳು ಅದರ ಮೇಲೇ ಇಟ್ಟುಕೊಂಡು, ಯಾವ ಹುಲಿ ಎಲ್ಲಿಗೆ ಹಾರಬಹುದು ಅಂತ ನೋಡುತ್ತಾ ಕೂತೆ. ಬೆರಳು ಎತ್ತಿಲ್ಲ, ಹಾಗಾದರೆ ನಡೆ ಇನ್ನೂ ಆಗಿಲ್ಲ, ಅಲ್ಲವಾ? ನಿಧಾನವಾಗಿ ಯೋಚನೆ ಮಾಡಿದೆ. ಮೇಲೆ ಒಂದು ಗಡಿಯಾರ ಕೆಂಪಗಾಗಿ ಕುಣಿಯುತ್ತಿತ್ತು. ಅಂದಕ್ಕೆ ಇಟ್ಟಿದ್ದಾರೆ ಅಂದುಕೊಂಡೆ.

"ಅಜ್ಜ, ಬೆರಳು ತೆಗೀರಿ, ಬೇಗ."

"ಇರು ಕೂಸೇ, ಯೋಚ್ನೆ ಮಾಡ್ತಿದೀನಿ."

ಟೊಂಯ್ ಅಂತ ಸದ್ದಾಯಿತು. ನಾನು ಸೋತೆ ಅಂತ ಬಂತು. ಒಂದು ಕುರಿ ಕೂಡ ಸತ್ತಿಲ್ಲ, ಸೋತೆ.

ಬೀಗರು ಆ ಕಡೆಯಿಂದ, "ಬೀಗ್ರೇ, ನಿದ್ದೆ ಬಂತಾ?"

"ನಿಮ್ಮ ಫೋನಿಗೆ ಕಟ್ಟಲೆ ಗೊತ್ತಿಲ್ಲ ಬೀಗ್ರೇ."

"ಫೋನು ನಿಮ್ಮದೇ ಅಲ್ವಾ, ಬೀಗ್ರೇ."

ಮೊಮ್ಮಗಳು ಎರಡೂ ಕಡೆ ನೋಡಿ ನಕ್ಕಳು. ಇನ್ನೊಂದು ಆಟ ಕೂತೆ. ಬೇಗ ಬೇಗ ಆಡಿದೆ. ಅದರಲ್ಲೂ ಸೋತೆ, ಸರಿಯಾಗಿಯೇ ಸೋತೆ. ಬೀಗರ ಹುಲಿ ಎಲ್ಲಿ ಬೇಕೋ ಅಲ್ಲೇ ಬಂದು ಕೂರುತ್ತಿತ್ತು. ಅವರು ನಡೆ ಇಡುವ ಮುಂಚೆ ಅವರ ಚಿತ್ರದ ಪಕ್ಕ ಒಂದು ಬಲ್ಬು ಹಳದಿಯಾಗಿ ಹತ್ತಿಕೊಂಡು ಆರುತ್ತಿತ್ತು.

"ಅದೇನು ಬಲ್ಬು?"

"ಒಳ್ಳೆ ನಡೆ ಹೊಳೆದಾಗ ಹತ್ತುತ್ತಂತೆ ಅಜ್ಜ. ಹೊರನಾಡಜ್ಜ ಹೇಳಿದ್ರು. ನಾವು ಮುಟ್ಟಬಾರದಂತೆ, ತಾನೇ ಹತ್ತಬೇಕಂತೆ. ನಂಗೆ ಇನ್ನೂ ಒಂದು ಸಲಾನೂ ಹತ್ತಿಲ್ಲ."

ಮಾರನೇ ದಿನ ಅವಳು ಸ್ಕೂಲಿಗೆ ಹೋದ ಮೇಲೆ ಸೊಸೆಯ ಹತ್ತಿರ ಫೋನ್ ಇಸಿದುಕೊಂಡು ಕಣಕ್ಕೆ ಬಂದೆ. ಎದುರಿಗೆ ಮನುಷ್ಯರಿಲ್ಲದೆ ಯಂತ್ರದ ಜೊತೆ ಆಡುವುದೂ ಅದರಲ್ಲಿ ಇದೆ. ಬೆರಳು ಒದ್ದೆ ಮಾಡಿಕೊಂಡು ಆ ಬಲ್ಬನ್ನು ಒತ್ತಿದೆ. ಒಂದು ಬಾಣದ ಗುರುತು ಬಂದು, ಈ ಕುರಿ, ಇಲ್ಲಿಗೆ, ಅಂತ ತೋರಿಸಿತು. ಮತ್ತೆ ಒತ್ತಿದೆ, ಮತ್ತೆ ತೋರಿಸಿತು.

ಆಗ ಆದ ಸಂತೋಷವನ್ನು ಹೇಗೆ ಹೇಳಲಿ. ಹೊರನಾಡಿನ ಹುಲಿಗೆ ಬುದ್ಧಿ ಎಲ್ಲಿಂದ ಬಂತು ಅಂತ ಸಿಕ್ಕಿತು. ಸಾಯಂಕಾಲ ಮೊಮ್ಮಗಳಿಗೆ ಹೇಳುವ ಮಾತನ್ನು ಆಗಲೇ ಜೋಡಿಸಿಕೊಂಡೆ. ಆದರೆ ಅವಳಿಗಿಂತ ಮೊದಲು ಬೀಗರಿಗೇ ಹೇಳಿ ಅವರ ಮುಖ ಹೇಗಾಗುತ್ತದೆ ಅಂತ ಕೇಳಬೇಕು ಅನ್ನಿಸಿತು. ಅಲ್ಲಿಂದಲೇ ಫೋನ್ ಮಾಡಿದೆ.

"ಬೀಗ್ರೇ, ನಮಸ್ಕಾರ. ನಿಮ್ಮ ಬಲ್ಬು ಚೆನ್ನಾಗಿ ಉರೀತಿದೆ."

ಲಾಡ್ಜಿನಲ್ಲಿ ಯಾರೋ ಬಿಸಿನೀರು ಕೇಳಿದರು, ಸಂಜೆ ಬರುತ್ತೆ ಸಾರ್ ಅಂತ ಬೀಗರು ಅವರಿಗೆ ಹೇಳಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಮಗುಗೆ ಹೇಳಿದ್ರಾ?"

"ಇನ್ನೂ ಇಲ್ಲ."

"ನನ್ನ ಆಟ ನಿಮಗೆ ಗೊತ್ತಲ್ಲ ಬೀಗ್ರೇ. ಬಲ್ಬ್ ಒತ್ತದೆ ಆಡಿದ್ರೆ ಅವಳು ಚಿಟಿಕೆ ಹೊಡೆಯೋದ್ರಲ್ಲಿ ನನ್ನ ಕಟ್ಟಿಹಾಕಿ ಫೋನ್ ಇಡ್ತಾಳೆ. ಇಟ್ಟು ನಿಮ್ಮ ಕಡೆ ತಿರುಗ್ತಾಳೆ. ನೀವು ಅಲ್ಲೇ ಇರ್ತೀರಿ. ಅವಳ ತಲೆ ಸವರೋಕೆ ನಿಮಗೆ ನೆಟ್‌ವರ್ಕ್ ಬೇಡ. ನಂಗೆ ಆ ಒಂದು ಆಟ ಎಷ್ಟು ಹೊತ್ತು ಎಳೀತೀನೋ ಅಷ್ಟೇ."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದುಕೊಂಡೆ.

"ಮತ್ತೆ ಅವಳು ಮಾತೆತ್ತಿದ್ರೆ ಕಣದಜ್ಜ ಹಿಂಗೆ ಹೇಳಿದ್ರು, ಕಣದಜ್ಜ ಹಂಗೆ ಆಡ್ತಾರೆ. ಕೇಳಿ ಕೇಳಿ ಹೊಟ್ಟೆ ಉರಿದೇ ಮೊದಲ ಸಲ ಆ ಬಲ್ಬ್ ಒತ್ತಿದ್ದು."

"ಹೌದಾ? ಏನೇನ್ ಹೇಳ್ತಾಳೆ?"

"ಕಣದಜ್ಜನ ಹುಲಿ ಕಟ್ಟಿದ್ದೇ ಅವಳ ದೊಡ್ಡ ಸಾಧನೆ ಅಂತೆ. ದಿನಾ ಹೇಳ್ತಾಳೆ."

"ಸರಿಯಾಗಿ ಕೇಳಿಸ್ಲಿಲ್ಲ ಬೀಗ್ರೇ, ಇನ್ನೊಂದು ಸಲ ಹೇಳಿ."

ಪಾಪ, ಹೇಳಿದರು. ಮತ್ತೊಂದು ಸಲ ಕೇಳಿದಾಗ ಮಾತ್ರ "ಕೇಳಿಸ್ತಿದೆ ನಿಮಗೆ" ಅಂದರು.

ಫೋನ್ ಇಟ್ಟು ಟಾರ್ಪಾಲಿನ ರಾಶಿಗೆ ಒರಗಿ ಕೂತೆ. ನನ್ನಷ್ಟೇ ಉರಿ ಆ ಕಡೆಯೂ ಇದೆ ಅಂತ ಗೊತ್ತಾದ ಮೇಲೆ ನನ್ನದು ಆರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆರಲಿಲ್ಲ. ಆದರೆ ಮೊಮ್ಮಗಳಿಗೆ ಹೇಳಲು ಜೋಡಿಸಿಕೊಂಡ ಮಾತು ಬಾಯಿಗೆ ಬರಲಿಲ್ಲ. ಸೂಪರ್ ಅಂತ ನಂಬಿದ್ದಾಳೆ, ಅದನ್ನು ಒಡೆದು ನಾನು ಏನು ತಿನ್ನಲಿ?

ವಾರ ಮುಗಿಯಿತು. ಸೊಸೆ ಅಡಿಗೆಮನೆಯಲ್ಲಿ ಕೇಳಿದಳು, "ಏನ್ ಮಾಡ್ಲಿ ಮಾವ? ತೆಗೀಲಾ?"

ಮೊಮ್ಮಗಳು ಬಾಗಿಲ ಹತ್ತಿರ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಹೆಂಡತಿಯೂ ನೋಡುತ್ತಿದ್ದಳು.

"ಇರ್ಲಿ" ಅಂದೆ. "ಆಟ ಒಳ್ಳೇದೇ. ಯೋಚ್ನೆ ಮಾಡ್ತಾಳೆ, ಸೋತ್ರೆ ತಡ್ಕೊಳ್ತಾಳೆ. ಆದ್ರೆ ಗುರುತಿಲ್ದೋರ ಬಾಗಿಲು ಹಾಕಬೇಕು, ನಮ್ಮ ಕಡೆಯೋರು ಮಾತ್ರ ಬರ್ಲಿ. ಆಡೋದು ಕಣದಲ್ಲೇ, ನಾನಿರುವಾಗ ಮಾತ್ರ. ಮತ್ತೆ ಆ ಬಲ್ಬು, ಅದು ಮಕ್ಕಳಿಗೆ ಒಳ್ಳೇದಲ್ಲ. ಯೋಚ್ನೆ ಮಾಡೋ ಕೆಲಸ ಅದೇ ಮಾಡಿಬಿಡುತ್ತೆ. ಆರಿಸಿಬಿಡು, ಎಲ್ಲರದ್ದೂ. ಗಡಿಯಾರವೂ ಬೇಡ."

"ಗಡಿಯಾರ ಮಗುಗೋಸ್ಕರ ಬೇಡ್ವಾ ಮಾವ, ನಿಮಗೋಸ್ಕರ ಬೇಡ್ವಾ?"

ಹೆಂಡತಿ ಸೆರಗಿನಲ್ಲಿ ನಕ್ಕಳು. ಸೊಸೆ ಒಳಗೆಲ್ಲ ಹುಡುಕಿ, ಗುರುತಿನವರ ಜೊತೆ ಮಾತ್ರ ಅಂತ ಮಾಡಿದಳು, ಇಬ್ಬರ ಕಡೆಯೂ ಬಲ್ಬನ್ನೂ ಗಡಿಯಾರವನ್ನೂ ತೆಗೆದಳು. ಕ್ರೀಮಿನವಳನ್ನು ಓಡಿಸಲು ಆಗಲಿಲ್ಲ. ಅವಳು ಬಂದಾಗ ಫೋನನ್ನು ಕವುಚಿ ಇಡುವುದು ಅಂತ ಮೊಮ್ಮಗಳೇ ಕಾನೂನು ಮಾಡಿದಳು.

ಬಲ್ಬಿಲ್ಲದ ಮೊದಲ ಸಾಯಂಕಾಲ ನಾನು ಗೋಣಿಯ ಮೇಲೆ ನೆಟ್ಟಗೆ ಕೂತಿದ್ದೆ. ಬೀಗರು ಬಂದರು. ಅವರ ಹುಲಿಗಳು ಮೊದಲಿನ ಹಾಗೇ ಆದವು, ಬೀಗರೂಟದ ದಿನದ ಹಾಗೆ. ಚಿಟಿಕೆ ಹೊಡೆಯುವುದರಲ್ಲಿ ಮೊಮ್ಮಗಳು ಕಟ್ಟಿಹಾಕಿಯೇಬಿಟ್ಟಳು. ನಾನು ಬೆಣಚುಕಲ್ಲುಗಳನ್ನು ಒರೆಸಿ ಕೈಯಲ್ಲಿ ಹಿಡಿದುಕೊಂಡೆ. ಈಗ ತಿರುಗುತ್ತಾಳೆ, ಈಗ.

ತಿರುಗಲಿಲ್ಲ. ಫೋನಿನ ಹತ್ತಿರ ಬಾಯಿ ತಂದು ಮೆತ್ತಗೆ ಕೇಳಿದಳು, "ಯಾಕೆ ಹೊರನಾಡಜ್ಜ, ಹುಷಾರಿಲ್ವಾ? ಬನ್ನಿ, ನಾನು ಹೇಳ್ಕೊಡ್ತೀನಿ. ಎರಡು ಹುಲಿ ಒಂದೇ ಕಡೆ ಇಡಬಾರದು. ನೋಡಿ, ಇದನ್ನ ಹಿಂಗೆ ತನ್ನಿ." ಅವರು ಹೂಂ ಹೂಂ ಅನ್ನುತ್ತಾ ಕಲಿತರು. ಕಲಿತದ್ದನ್ನು ಮರೆತರು. ಮತ್ತೆ ಹೇಳಿಕೊಟ್ಟಳು. ಬಲ್ಬು ಒತ್ತುತ್ತಿದ್ದಾಗಲೂ ಅವರಿಗೆ ಅಷ್ಟು ಹೊತ್ತು ಸಿಕ್ಕಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಸೊಸೆ ಬಂದು ಕರೆದುಕೊಂಡು ಹೋದಳು.

ನಾನು ಎಷ್ಟು ಕಷ್ಟಪಟ್ಟು ಆಟ ಕಲಿತೆ, ಇಷ್ಟು ವರ್ಷ ಹುಲಿ ಸಾಕಿದೆ, ಅದರಿಂದ ಏನು ಬಂತು? ಆಟ ಬರುವ ಅಜ್ಜನಿಗೆ ಯಾರಾದರೂ ಹೇಳಿಕೊಡುತ್ತಾರಾ? ಬೀಗರಿಗೆ ಬರುವುದಿಲ್ಲ, ಅದೇ ಅವರ ಅದೃಷ್ಟ.

ಮಾರನೇ ಸಾಯಂಕಾಲ ಅವಳು ಬೀಗರಿಗೆ ಪಾಠ ಹೇಳುತ್ತಿರುವಾಗ, "ನಂದೂ ಒಂದು ಆಟ ಆಗ್ಲಿ ಕೂಸೇ" ಅಂದೆ. ಫೋನನ್ನು ಪಕ್ಕಕ್ಕಿಟ್ಟುಕೊಂಡೇ ಕಣದ ಮನೆಯ ಮುಂದೆ ಕೂತಳು. ನಾನು ಹುಲಿ. ಎರಡು ನಡೆ ಸರಿಯಾಗಿ ಇಟ್ಟೆ. ಮೂರನೆಯದಕ್ಕೆ ಹುಲಿಯನ್ನು ತಗೊಂಡು ಹೋಗಿ ಮೂಲೆಯಲ್ಲಿ, ಮಗುವೂ ಇಡದ ಜಾಗದಲ್ಲಿ ಇಟ್ಟು, ಬೆರಳು ಎತ್ತಿದೆ.

ಅವಳು ನನ್ನ ಮುಖ ನೋಡಿದಳು. ಹುಲಿಯನ್ನು ನೋಡಿದಳು.

"ಅಜ್ಜ, ನಿಮಗೂ ಮರ್ತೋಯ್ತಾ?"

"ಹಂಗೇ ಕಾಣುತ್ತೆ ಕೂಸೇ. ವಯಸ್ಸಾಯ್ತಲ್ಲ."

ಅವಳು ಎದ್ದು ಬಂದು ನನ್ನ ತೊಡೆಯ ಮೇಲೆ ಕೂತಳು. ನನ್ನ ದಪ್ಪ ಬೆರಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕಲ್ಲಿನ ಮೇಲಿಟ್ಟು ಹಿಂದಕ್ಕೆ ತಂದಳು. "ಇಲ್ಲಿ ಇಟ್ರೆ ಸಿಕ್ಕಿಹಾಕೊಳ್ತೀರಿ. ಮೊದಲು ಸುತ್ತ ನೋಡ್ಬೇಕು. ನಿಧಾನ. ನಾನು ಕಾಯ್ತೀನಿ." ನಾನು ಸುತ್ತ ನೋಡಿದೆ. ಸಿಲ್ವರ್ ಓಕ್ ಮರಗಳ ಆಚೆ ಬಿಸಿಲು ಇಳಿಯುತ್ತಿತ್ತು. ಆಟದ ಕಡೆ ನನಗೆ ಏನೂ ಕಾಣಲಿಲ್ಲ.

ಗೋಣಿಯ ಮೇಲಿದ್ದ ಫೋನಿನಿಂದ ಬೀಗರ ದನಿ ಬಂತು. "ಬೀಗ್ರೇ, ಬೇಕಂತಲೇ ತಾನೆ?"

"ಆಟನೇ ಮರ್ತು ಹೋಗಿದೆ ಬೀಗ್ರೇ, ಏನ್ ಮಾಡೋದು" ಅಂದೆ. "ಸ್ವಲ್ಪ ಕಾಯಿರಿ. ಇವತ್ತು ನನ್ನ ಪಾಠ ಮುಗಿಯೋದು ತಡ ಆಗಬಹುದು."